ಚುಕ್ಕಿ ನಿಂತ ಮೂಲೆ

ನನ್ನ ಗಂಡನನ್ನು ಎದುರಿಗೆ ‘ನೀವು’ ಎಂದೇ ಮಾತನಾಡಿಸುತ್ತೇನೆ. ಇಲ್ಲಿ ಮಾತ್ರ ‘ಅವನು’ ಎಂದು ಬರೆಯುತ್ತೇನೆ. ಅಷ್ಟಾದರೂ ಸಿಟ್ಟು ತೀರಿಸಿಕೊಳ್ಳುವ ಹಕ್ಕು ನನಗಿರಲಿ.

ಅವನ ಕಂಪನಿಯ ಕೆಲಸ ಇಷ್ಟೇ: ದೊಡ್ಡ ದೊಡ್ಡ ವ್ಯಾಪಾರದವರ ಗಾಡಿ, ಸಾಮಾನು ಈಗ ಎಲ್ಲಿದೆ ಎಂದು ತೋರಿಸಿಕೊಡುವುದು. ಬಯಲಿನಲ್ಲಿ ಓಡುವ ಲಾರಿಯಾದರೆ ಉಪಗ್ರಹವೇ ನೋಡಿಕೊಳ್ಳುತ್ತದೆ. ನೆಲದಡಿ, ದಪ್ಪ ಗೋಡೆಗಳ ಒಳಗೆ ಅದರ ಆಟ ನಡೆಯುವುದಿಲ್ಲ. ಅಂಥ ಕಡೆ ಇವರು ಚಾವಣಿಗೆ ಅಲ್ಲಲ್ಲಿ ಪುಟ್ಟ ಡಬ್ಬಿ ಬಿಗಿದು, ಗಾಡಿಗೊಂದು ಟ್ಯಾಗ್ ಅಂಟಿಸುತ್ತಾರೆ. ಟ್ಯಾಗ್ ಕೂಗುತ್ತದೆ, ಡಬ್ಬಿ ಕೇಳಿಸಿಕೊಳ್ಳುತ್ತದೆ, ಮೇಲೆ ಮ್ಯಾನೇಜರ್ ಕೋಣೆಯ ಪರದೆಯಲ್ಲಿ ಗಾಡಿ ಒಂದು ಚುಕ್ಕಿಯಾಗಿ ಓಡಾಡುತ್ತದೆ.

ನಮ್ಮಪ್ಪ ಅಂಥದೇ ಒಂದು ನೆಲದಡಿಯ ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಿದ್ದ. ಹಿಂದೆ ಅದು ಕಲ್ಲಿನ ಗಣಿಯಾಗಿತ್ತಂತೆ. ಈಗ ಮೀನು, ಮಾಂಸ, ಬಟಾಣಿ ಎಲ್ಲವೂ ಅಲ್ಲಿ ಕಲ್ಲಾಗಿ ಕೂತಿರುತ್ತವೆ. ದಪ್ಪ ಕೋಟು, ಎರಡೆರಡು ಕಾಲುಚೀಲ ಹಾಕಿಕೊಂಡು ಇಳಿದರೂ ಮೀಸೆಯ ಮೇಲೆ ಹಿಮ ಕಟ್ಟಿಸಿಕೊಂಡೇ ಮೇಲೆ ಬರುತ್ತಿದ್ದ. ಬಿಡುವಿದ್ದಾಗಲೂ ಸುಮ್ಮನೆ ಕೂರುವ ಜನ್ಮವಲ್ಲ. ಜೊತೆಯವರು ಅವನಿಗೆ ‘ಗಾಣದೆತ್ತು’ ಎಂದು ಹೆಸರಿಟ್ಟಿದ್ದರು. ಅಪ್ಪ ಮುಖ ಸಿಂಡರಿಸುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಗಾಡಿಗಳು ಎಲ್ಲಿರುತ್ತವೋ ಗೊತ್ತೇ ಆಗುವುದಿಲ್ಲವೆಂದು ಅಲ್ಲಿನ ಮ್ಯಾನೇಜರ್ ಗೊಣಗಿದಾಗ, “ನಮ್ಮ ಅಳಿಯಂದಿರು ಇದೇ ಕೆಲಸ ಮಾಡೋದು ಸಾರ್” ಎಂದವನು ಅಪ್ಪನೇ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ. ನನ್ನ ಗಂಡನಿಗೆ ಅದು ಮೊದಲ ದೊಡ್ಡ ಗಿರಾಕಿ. ಆದರೂ ತನ್ನ ಬಾಸ್ ಮುಂದೆ “ಪರಿಚಯದವರೊಬ್ಬರು ಹೇಳಿದ್ರು” ಎಂದನಂತೆ. ‘ನಮ್ಮ ಮಾವ ಫೋರ್ಕ್‌ಲಿಫ್ಟ್ ಡ್ರೈವರ್’ ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ.

ಡಬ್ಬಿ ಎಲ್ಲೆಲ್ಲಿ ಬೇಕೆಂದು ನೋಡಲು ನನ್ನ ಗಂಡ ಕೆಳಗಿಳಿದ ದಿನವನ್ನೂ ಅಪ್ಪನೇ ಗೊತ್ತುಮಾಡಿದ್ದು. ವರ್ಷಕ್ಕೊಮ್ಮೆ ಅಲ್ಲಿ ಮಾಲನ್ನೆಲ್ಲ ಹೊರಗೆ ಸಾಗಿಸಿ, ಯಂತ್ರ ನಿಲ್ಲಿಸಿ, ರ‍್ಯಾಕುಗಳನ್ನು ತೊಳೆಯುತ್ತಾರೆ.

“ಅವತ್ತು ಬನ್ನಿ. ಚಳೀನೂ ಇರಲ್ಲ, ಯಾರ ಕಾಟಾನೂ ಇರಲ್ಲ” ಎಂದ.

ಟ್ಯಾಗ್ ಅಂಟಿಸಿದ ಗಾಡಿಯನ್ನು ಅಳಿಯ ಹೇಳಿದ ಮೂಲೆಗೆಲ್ಲ ತಾನೇ ಓಡಿಸಿದ. ಅಳಿಯ ಕೈಯಲ್ಲಿ ಪರದೆ ಹಿಡಿದು ಹಿಂದೆ ನಡೆದ. ಖಾಲಿ ಜಾಗದಲ್ಲಿ ಸಿಗ್ನಲ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು. ಕೆಲವೇ ಡಬ್ಬಿಗಳಲ್ಲಿ ಕೆಲಸ ಮುಗಿಸಿದನೆಂದು ಕಂಪನಿಯವರು ಅವನ ಬೆನ್ನು ತಟ್ಟಿದರು. ಅಪ್ಪ ಆ ವಾರವೆಲ್ಲ ಕಂಡಕಂಡವರಿಗೆ ಅಳಿಯನ ಗುಣಗಾನ ಮಾಡಿಕೊಂಡು ತಿರುಗಿದ.

ಮಾಲು ಮತ್ತೆ ತುಂಬಿದ ಮೇಲೆ ಶುರುವಾಯಿತು ಗ್ರಹಚಾರ. ಒಂದು ದಿನ ನನ್ನ ಗಂಡ ಮನೆಗೆ ಬಂದವನೇ ಬೂಟು ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದ: “ನಿಮ್ಮಪ್ಪ ದಿನಾ ಆ ಕೊನೇ ಮೂಲೇಲಿ ಗಾಡಿ ನಿಲ್ಲಿಸ್ಕೊಂಡು ನಿದ್ದೆ ಹೊಡೀತಾರಂತೆ. ಚುಕ್ಕಿ ಅಲ್ಲೇ ನಿಂತಿರುತ್ತೆ. ವಿಚಾರಣೆ ಮಾಡ್ತಾರಂತೆ.”

“ಆ ಚಳೀಲಿ ಮಲಗಿದ್ರೆ ಮನುಷ್ಯ ಮತ್ತೆ ಏಳ್ತಾನೇನ್ರೀ?” ಎಂದೆ.

“ನನ್ನನ್ನೇನ್ ಕೇಳ್ತೀಯ? ಪರದೆ ಮೇಲಿದೆ.”

ನಾನು ನಂಬಲಿಲ್ಲ. ಆದರೆ ವಿಚಾರಣೆಯಲ್ಲಿ ಅಪ್ಪನೇ ತಪ್ಪು ಒಪ್ಪಿಕೊಂಡ. ಇನ್ನು ಮಾತೇನು? ಕೆಲಸ ಹೋಯಿತು. ಗೋದಾಮಿನವರು ಇರಲು ಕೊಟ್ಟಿದ್ದ ಕೋಣೆಯೂ ಹೋಯಿತು. ಒಂದು ಟ್ರಂಕು ಹಿಡಿದುಕೊಂಡು ನಮ್ಮ ಮನೆಯ ಹಿಂದಿನ ಕೋಣೆಗೆ ಬಂದ. ಜೀವಮಾನವೆಲ್ಲ ದುಡಿದು ಕೊನೆಗೆ ಸೋಮಾರಿ ಎನ್ನಿಸಿಕೊಂಡೆಯಲ್ಲಪ್ಪ ಎಂದು ನಾನೂ ಗದರಿದೆ. ಅವನು ಟ್ರಂಕಿನ ಬೀಗ ತೆಗೆಯುತ್ತ, “ವಯಸ್ಸಾಯ್ತು ಕಣೇ” ಎಂದಷ್ಟೇ ಅಂದ.

ನಿಜ ತಿಳಿದದ್ದು ಬಟ್ಟೆ ಒಣಹಾಕುವಾಗ. ನನ್ನ ಗಂಡ ಬಾಲ್ಕನಿಗೆ ಬೆನ್ನು ಮಾಡಿ ಕೋಣೆಯಲ್ಲಿ ತನ್ನ ಕಂಪನಿಯವನೊಬ್ಬನ ಜೊತೆ ಫೋನಿನಲ್ಲಿದ್ದ.

“ಖಾಲಿ ಇದ್ದಾಗ ಟೆಸ್ಟ್ ಮಾಡಿದ್ವಲ್ಲ, ಅದೇ ಎಡವಟ್ಟು. ಮಾಲು ತುಂಬಿದ್ಮೇಲೆ ಅದೇ ಅಡ್ಡ ಬಂದು ಆ ಮೂಲೇಲಿ ಸಿಗ್ನಲ್ ಸತ್ತೋಗುತ್ತೆ. ಗಾಡಿ ಒಳಗೆ ಓಡಾಡ್ತಾನೇ ಇರುತ್ತೆ, ಚುಕ್ಕಿ ಮಾತ್ರ ಕೊನೇ ಸಲ ಸಿಗ್ನಲ್ ಸಿಕ್ಕಿದ ಕಡೇನೇ ನಿಂತಿರುತ್ತೆ… ಹ್ಞೂಂ, ಗೊತ್ತಿತ್ತು, ವಿಚಾರಣೆಗೆ ಮುಂಚೇನೇ ಗೊತ್ತಾಯ್ತು. ಈಗ ಸದ್ದಿಲ್ದೆ ಅಲ್ಲಿಗೆ ಇನ್ನೆರಡು ಡಬ್ಬಿ ಹಾಕ್ಬಿಡು. ಸುಧಾರಣೆ ಅಂತ ಹೇಳಿದ್ರಾಯ್ತು.”

ಕೈಯಲ್ಲಿದ್ದ ಒದ್ದೆ ಬಟ್ಟೆ ಹಿಡಿದುಕೊಂಡೇ ಒಳಗೆ ಹೋದೆ.

“ಗೊತ್ತಿದ್ದೂ ನಮ್ಮಪ್ಪನ್ನ ಬಲಿ ಕೊಟ್ರಾ?”

ಅವನು ಫೋನು ಇಟ್ಟು ಬಾಗಿಲು ಮುಂದೆ ಮಾಡಿದ. “ಮೆಲ್ಲಗೆ ಮಾತಾಡು. ಸಿಸ್ಟಮ್ಮೇ ಸುಳ್ಳು ಅಂದಿದ್ರೆ ನನ್ನ ಕೆಲಸ ಹೋಗ್ತಿತ್ತು. ಅವರಿಗೆ ಹೇಗೂ ವಯಸ್ಸಾಗಿತ್ತು. ಅದೂ ಅಲ್ದೆ ಅವರನ್ನ ಕೇಳ್ಕೊಂಡೇ ಮಾಡಿದ್ದು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಧ್ಯೆ ಮುರಿದವನು ನಮ್ಮಪ್ಪ.

ಅಪ್ಪ ಹಿಂದಿನ ಕೋಣೆಯಲ್ಲಿ ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದ. ಬಂದಾಗಿನಿಂದ ಮನೆಯಲ್ಲಿ ಕಿರುಗುಡುವ ಬಾಗಿಲು ಒಂದನ್ನೂ ಉಳಿಸಿರಲಿಲ್ಲ. ಕೇಳಿದೆ. ಅವನು ಎಣ್ಣೆಯ ಬಟ್ಟಲು ಕೆಳಗಿಟ್ಟ.

“ವಿಚಾರಣೆ ಹಿಂದಿನ ದಿನ ಅಳಿಯಂದ್ರು ಬಂದಿದ್ರು. ‘ಮಾವ, ನಿದ್ದೆ ಬಂದ್ಬಿಡ್ತು ಅಂತ ಒಪ್ಕೊಂಡ್ಬಿಡಿ. ಬೈದು ಸುಮ್ನಾಗ್ತಾರೆ, ಮ್ಯಾನೇಜರ್ ಹತ್ರ ಮಾತಾಡಿದ್ದೀನಿ’ ಅಂದ್ರು.”

“ಮಾತಾಡಿದ್ರಾ?”

“ಮಾತಾಡಿದ್ರೆ ನಾನು ಇಲ್ಲಿ ಯಾಕೆ ಎಣ್ಣೆ ಬಿಡ್ತಾ ಕೂತಿರ್ತಿದ್ದೆ?”

“ನಂಗೊಂದು ಮಾತು ಹೇಳ್ಬಾರ್ದಿತ್ತಾ ಅಪ್ಪ? ನಾನೂ ನಿನ್ನ ಬೈದ್ನಲ್ಲ.”

“ಹೇಳಿದ್ರೆ ಅವರ ಜೊತೆ ನೀನು ಸಂಸಾರ ಮಾಡ್ತಿದ್ಯಾ? ನನ್ನ ಹೆಸರು ಹೋದ್ರೆ ಆ ಗೋದಾಮಿನ ನಾಲ್ಕು ಜನರ ಮಧ್ಯೆ ಹೋಗುತ್ತೆ. ನಿನ್ನ ಮನೆ ಉಳೀಲಿ ಅಂದ್ಕೊಂಡೆ. ಈಗ ನೀನು ಬಾಯಿಬಿಟ್ರೆ ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡ್ದಂಗೆ.”

ಬಾಯಿಗೆ ಬೀಗ ಹಾಕಿಕೊಂಡೆ. ಅಪ್ಪನ ಮಾತಿಗೆ ಕಟ್ಟುಬಿದ್ದೆನೋ, ನನಗೂ ಈ ಮನೆ ಬೇಕಿತ್ತೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಗಂಡನ ಮುಖ ಕಂಡರೆ ಮೈ ಉರಿಯುತ್ತಿತ್ತು. ಆದರೂ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ.

ಮುಂದೆ ಅವನಿಗೆ ಬಡ್ತಿ ಬಂತು. ಬಾಸ್ ಊಟಕ್ಕೆ ಬಂದರು. ಒಳ್ಳೆಯ ಮನುಷ್ಯರೇ, ಅಪ್ಪನನ್ನೂ ಕರೆದು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡರು. ಊಟದ ಮಧ್ಯೆ ನನ್ನ ಕಡೆ ತಿರುಗಿದರು.

“ನಿಮ್ಮ ಯಜಮಾನ್ರು ಮಾಡಿದ ಸಿಸ್ಟಮ್ಮು ಏನ್ ಮಾಡ್ತು ಗೊತ್ತೇನಮ್ಮಾ? ಆ ಕೋಲ್ಡ್ ಸ್ಟೋರೇಜಲ್ಲಿ ಒಬ್ಬ ಮುದುಕ ಇದ್ದ. ಗಾಣದೆತ್ತು ಅಂತ ಹೆಸರಂತೆ ಅವನಿಗೆ. ಮೇಲೆ ನೋಡಿದ್ರೆ ಭಾರೀ ಕೆಲಸಗಾರ, ಕೆಳಗೆ ಮೂಲೇಲಿ ಗೊರಕೆ. ನಮ್ಮ ಚುಕ್ಕಿ ಹಿಡ್ಕೊಡ್ತು. ಈಗ ಯಾವ ಊರಿಗೆ ಹೋದ್ರೂ ಗಿರಾಕಿಗಳಿಗೆ ಮೊದಲು ಇದೇ ಕತೆ ಹೇಳ್ತೀವಿ. ಕೇಳಿದ ತಕ್ಷಣ ಸಹಿ ಹಾಕ್ತಾರೆ.”

ನಾಲ್ಕು ಜನರ ಮಧ್ಯೆ ಹೋಗಬೇಕಿದ್ದ ಹೆಸರು ಊರೂರು ಸುತ್ತುತ್ತಿತ್ತು. ನನ್ನ ಗಂಡ ತಟ್ಟೆಯಲ್ಲಿ ಮುಖ ಹುದುಗಿಸಿದ. ನಾನು ಬಾಯಿ ತೆರೆದೆ. ಅಪ್ಪ ಕಣ್ಣಿನಲ್ಲೇ ಬೇಡ ಎಂದ. ಅದನ್ನು ಕಂಡು ಬಾಸ್ ಅಪ್ಪನತ್ತ ನೋಡಿದರು.

“ನೀವೇನ್ ಕೆಲಸದಲ್ಲಿದ್ರಿ ಹಿರಿಯರೇ?”

“ಮಾವ ರಿಟೈರಾಗಿ ತುಂಬಾ ದಿನ ಆಯ್ತು ಸಾರ್” ಎಂದು ನನ್ನ ಗಂಡ ಅಡ್ಡ ಬಾಯಿ ಹಾಕಿದ.

ಅಪ್ಪ ಬಾಯಲ್ಲಿದ್ದ ತುತ್ತು ನಿಧಾನವಾಗಿ ಅಗಿದು ನುಂಗಿದ.

“ನಾನಾ ಸಾರ್? ನಿದ್ದೆ ಮಾಡ್ತಿದ್ದೆ.”

ಬಾಸ್ ಕೆಮ್ಮು ಬರುವಷ್ಟು ನಕ್ಕರು. “ನಿಮ್ಮ ಮಾವ ಒಳ್ಳೆ ತಮಾಷೆಯೋರು ಕಣಯ್ಯ” ಎಂದು ನನ್ನ ಗಂಡನ ಭುಜ ತಟ್ಟಿದರು. ಅವನೂ ನಕ್ಕ. ಅಪ್ಪ ಮಾತ್ರ ನೀರು ಕುಡಿದು ಲೋಟ ಕೆಳಗಿಟ್ಟು, ಕೈ ತೊಳೆಯಲು ಎದ್ದುಹೋದ.

ಇನ್ನೊಂದು ಸೌಟು ಬಡಿಸಮ್ಮಾ ಎಂದರು ಬಾಸ್. ಬಡಿಸಿದೆ.