ನೆಲದಿಂದ ಹಿಟ್ಟಿಗೆ

ಅತ್ತೆ ಪಾರ್ಕಿನಲ್ಲಿ ತಾಯ್ ಚಿ ಎಂಬ ಚೀನೀ ವ್ಯಾಯಾಮ ಕಲಿಯಲು ಹೊರಟಾಗ ಮನೆಯವರೆಲ್ಲ ನಕ್ಕಿದ್ದರು. ಮೊಣಕಾಲು ನೋವೆಂದು ಮೆಟ್ಟಿಲ ಮೇಲೆ ಕೂತು ಕೂತೇ ಇಳಿಯುತ್ತಿದ್ದ ಹೆಂಗಸು ಅವರು. "ಸೊಳ್ಳೆ ಓಡಿಸೋ ಹಾಗೆ ಕೈ ಆಡಿಸೋದಕ್ಕೆ ಗುರುಗಳು ಬೇರೆ ಬೇಕೇನಮ್ಮಾ?" ಎಂದು ಮಗ ಕೆಣಕಿದ್ದ. ಅತ್ತೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಬೆಕ್ಕಿನಂತೆ ಸದ್ದಿಲ್ಲದೆ ಮೆಟ್ಟಿಲಿಳಿದು, ಕೆಳಗಿನ ಬೇಕರಿಯಲ್ಲಿ ಸೊಸೆಯ ಬೆನ್ನ ಹಿಂದೆ ದಿಢೀರನೆ ಪ್ರತ್ಯಕ್ಷರಾಗಿ ಅವಳ ಎದೆ ಝಲ್ಲೆನಿಸುತ್ತಿದ್ದರು.

ಬೇಕರಿ ಸೊಸೆಯದು. ಮೈದಾ ಮೂಟೆಯನ್ನು ಒಬ್ಬಳೇ ಎತ್ತುವ ಗಟ್ಟಿಗಿತ್ತಿ. ತನ್ನ ತೋಳಿನ ಬಲದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ರಾತ್ರಿ ಭುಜಕ್ಕೆ ಮುಲಾಮು ಹಚ್ಚಿಕೊಳ್ಳುವುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯ ನಡುವೆ ನಿಂತು, "ನನ್ನ ತಳ್ಳು ನೋಡೋಣ" ಎಂದರು.

"ಅಯ್ಯೋ ಅತ್ತೆ, ಬಿದ್ದುಗಿದ್ದು ಬಿಟ್ಟೀರಿ!"

"ತಳ್ಳೇ ಮಾರಾಯ್ತಿ."

ಸೊಸೆ ಮೆಲ್ಲನೆ ತಳ್ಳಿದಳು. ಆಮೇಲೆ ಜೋರಾಗಿ ತಳ್ಳಿದಳು. ಅತ್ತೆ ಹಲ್ಲು ಕಚ್ಚಲಿಲ್ಲ, ಮೈ ಬಿಗಿಯಲಿಲ್ಲ. ಬಸ್ಸಿಗೆ ಕಾಯುವವರಂತೆ ಹಾಯಾಗಿ ನಿಂತಿದ್ದರು. ಜಾರಿ ಹಿಂದೆ ಹೋದದ್ದು ಸೊಸೆಯ ಚಪ್ಪಲಿಯೇ.

"ನೀನು ತೋಳಲ್ಲಿ ಮಾತ್ರ ತಳ್ತೀಯ ಕಣೇ. ಕಾಲು, ಸೊಂಟ, ಬೆನ್ನು ಎಲ್ಲ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗಿವೆ. ಕಷ್ಟ ಅಂದ್ರೆ ತೋಳು ಒಂದೇ ಓಡಿ ಬರುತ್ತೆ, ಪಾಪ. ಅವೆಲ್ಲ ಒಂದಾದ್ರೆ ಬರೋದೇ ಒಳಬಲ."

"ಅದಕ್ಕೇನು ಮಾಡ್ಬೇಕು?"

"ಮೊದಲು ಭುಜ ಕೆಳಗೆ ಬಿಡು. ಆಮೇಲೆ ಸಿಟ್ಟು ಬಿಡು."

ಸೊಸೆ ಎರಡನ್ನೂ ಬಿಡಲಿಲ್ಲ. ಉರಿಮೋರೆ ಮಾಡಿಕೊಂಡು ಕೆಳಗಿಳಿದು ಹೋದಳು.

ಕೆಲವು ವಾರಗಳ ಮೇಲೆ ಪಕ್ಕದ ಶಾಲೆಯ ಓಟದ ಸ್ಪರ್ಧೆಗೆಂದು ರಾಶಿ ಬನ್ನಿಗೆ ಆರ್ಡರು ಬಂತು. ಸ್ಪರ್ಧೆಯ ದಿನವೇ ಬೆಳಗ್ಗೆ ಹಿಟ್ಟು ಕಲೆಸುವ ಯಂತ್ರ ಒಮ್ಮೆ ಗುರ್ರೆಂದು ಹೊಗೆ ಬಿಟ್ಟು ನಿಂತಿತು. ಗಂಡ ಅಂಗಡಿಗಳಿಗೆ ಬ್ರೆಡ್ಡು ಹಾಕಲು ಹೋಗಿದ್ದ. ಸೊಸೆ ಸೆರಗು ಸಿಕ್ಕಿಸಿ ಕೈಯಲ್ಲೇ ನಾದತೊಡಗಿದಳು. ಮೊದಲ ಮುದ್ದೆ ಮುಗಿಯುವುದರೊಳಗೆ ಭುಜ ಸೋತಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

ಎಂದಿನಂತೆ ಸದ್ದಿಲ್ಲದೆ ಬಂದ ಅತ್ತೆ ಅವಳ ಸೊಂಟದ ಮೇಲೆ ಅಂಗೈ ಇಟ್ಟರು.

"ಒಂದು ಕಾಲು ಹಿಂದಿಡು. ಹಿಮ್ಮಡಿ ನೆಲ ಒತ್ತಲಿ. ಉಸಿರು ಯಾಕೆ ಹಿಡ್ಕೊಂಡಿದ್ದೀಯ? ಯಾರೂ ಕದಿಯೋದಿಲ್ಲ, ಬಿಡು."

ಸೊಸೆಗೆ ವಾದಿಸಲು ತ್ರಾಣವಿರಲಿಲ್ಲ. ಹೇಳಿದ ಹಾಗೆ ಮಾಡಿದಳು. ಸೊಂಟ ಅತ್ತಿತ್ತ ಓಲಾಡಿತು; ಹಿಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ನಾನು ಕುಣೀತಿದ್ದೀನಿ, ಇದು ಕೂತು ನೋಡ್ತಿದೆ!"

ಅತ್ತೆಗೆ ನಗು ತಡೆಯಲಾಗಲಿಲ್ಲ. ಅವರನ್ನು ಕಂಡು ಸೊಸೆಗೂ ನಗು ಬಂತು. ಆ ನಗುವಿನಲ್ಲಿ ಭುಜ ತಾನಾಗಿ ಕೆಳಗಿಳಿದದ್ದು ಅವಳಿಗೇ ತಿಳಿಯಲಿಲ್ಲ. ಹಿಮ್ಮಡಿ ನೆಲವನ್ನು ಒತ್ತಿತು. ಒತ್ತಿದ್ದು ಕಾಲಿನಲ್ಲಿ ಏರಿ, ಸೊಂಟದಲ್ಲಿ ತಿರುಗಿ, ಬೆನ್ನಿನಗುಂಟ ಸರಿದು, ಎಲ್ಲೂ ಸಿಕ್ಕಿಕೊಳ್ಳದೆ ಅಂಗೈಗೆ ಬಂತು. ಹಿಟ್ಟು ಬೆಣ್ಣೆಯಂತೆ ಮುಂದಕ್ಕೆ ಹರಿಯಿತು.

ಅವಳು ಬೆಚ್ಚಿದಳು. ಮತ್ತೆ ಒತ್ತಿದಳು. ಹಿಟ್ಟು ಮತ್ತೆ ಕಲ್ಲು.

"ಹೋಯ್ತು ಅತ್ತೆ! ಈಗ ಇತ್ತು!"

"ಹುಡುಕಬೇಡ. ನೆಲ ಎಲ್ಲಿಗೂ ಹೋಗಿಲ್ಲ."

ಅದು ಬಂತು, ಹೋಯಿತು, ಮತ್ತೆ ಬಂತು. ಬರಬರುತ್ತಾ ಹೋಗುವುದು ಕಡಿಮೆಯಾಯಿತು. ಅತ್ತೆ ಪಕ್ಕದಲ್ಲಿ ಇನ್ನೊಂದು ಮುದ್ದೆ ಹಿಡಿದು ನಿಂತರು. ಇಬ್ಬರೂ ಒಂದೇ ಲಯದಲ್ಲಿ ಹಿಂದಕ್ಕೆ ಮುಂದಕ್ಕೆ ಓಲಾಡುತ್ತ ನಾದಿದರು.

ಯಂತ್ರ ಕೆಟ್ಟ ಸುದ್ದಿ ಕೇಳಿ ಎದ್ದೂ ಬಿದ್ದೂ ಓಡಿ ಬಂದ ಗಂಡ ಬಾಗಿಲಲ್ಲೇ ನಿಂತುಬಿಟ್ಟ. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಅಮ್ಮನೂ ಹೆಂಡತಿಯೂ ಬಿದ್ದು ಬಿದ್ದು ನಗುತ್ತಿದ್ದರು.

"ಸರೀರಿ, ನಾನು ಮಾಡ್ತೀನಿ" ಎಂದು ತೋಳೇರಿಸಿ ನುಗ್ಗಿದ.

"ಅತ್ತೆ, ನೋಡಿ ನೋಡಿ! ಇವರ ಭುಜ ಕಿವಿಗೇನೋ ಗುಟ್ಟು ಹೇಳ್ತಿದೆ!"

ಅವನು ಪೆಚ್ಚಾಗಿ, ಬನ್ನುಗಳನ್ನು ತಟ್ಟೆಗೆ ಜೋಡಿಸುವ ಕೆಲಸಕ್ಕೆ ಇಳಿದ. ಶಾಲೆಯ ಗಾಡಿ ಬರುವಷ್ಟರಲ್ಲಿ ಕೊನೆಯ ತಟ್ಟೆಯೂ ಬಿಸಿಬಿಸಿಯಾಗಿ ಹೊರಬಂದಿತ್ತು.

ಮನೆಗೆಂದು ಕಡೆಗೆ ನಾದಿದ ಹಿಟ್ಟಿನ ಬನ್ನುಗಳನ್ನು ಮೂವರೂ ನಿಂತೇ ಮುರಿದರು. ಒಳಗಿನ ಹಬೆ ಮುಖಕ್ಕೆ ಹೊಡೆಯಿತು. ಅತ್ತೆ ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಸೊಸೆ ಉಸಿರು ಬಿಗಿಹಿಡಿದು ಕಾದಳು.

"ಎಷ್ಟು ಹಗುರ ಬಂದಿದೆ ಕಣೇ! ಹತ್ತಿ, ಹತ್ತಿ. ನಗೋ ಭರದಲ್ಲಿ ಉಪ್ಪು ಮಾತ್ರ ಹಾಕಿಲ್ಲ ನೀನು."

ಗಂಡ ಉಪ್ಪಿನ ಡಬ್ಬಿ ತಂದ. ಮೇಲೆ ಚಿಟಿಕೆ ಚಿಟಿಕೆ ಉದುರಿಸಿಕೊಂಡು, ಒಂದೂ ಬಿಡದೆ ತಿಂದು ಮುಗಿಸಿದರು.