ಶುಕ್ರವಾರ ಸಂಜೆ ಐದು ಗಂಟೆಯ ಲೆಕ್ಕ

ನುಜಹತ್ ಮನೆಯ ಊಟದ ಮೇಜಿನ ಮೇಲೆ ಆರು ವಾರದಿಂದ ಯಾರೂ ಊಟ ಮಾಡಿರಲಿಲ್ಲ. ಅಲ್ಲಿ ನಾಲ್ಕು ಕಟ್ಟು ಕಾಗದ ಠಿಕಾಣಿ ಹೂಡಿದ್ದವು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ತಾಲ್ಲೂಕಿಗೊಂದು ಹೈಸ್ಕೂಲು, ಎಂಟನೇ ಕ್ಲಾಸಿನ ಮಕ್ಕಳು, ಒಟ್ಟು ನೂರ ನಲವತ್ತನಾಲ್ಕು ಹಾಳೆ. ಮಕ್ಕಳಿಗೆ ಕೊಟ್ಟ ಕೆಲಸ ಕೇಳಿದರೆ ಇಷ್ಟೇನಾ ಅನಿಸಬೇಕು. ಮನೆಯ ಹತ್ತಿರದ ಯಾವುದಾದರೂ ಜೀವಿಯನ್ನು ಆರಿಸಿಕೊಂಡು, ಸೋಮವಾರದಿಂದ ಭಾನುವಾರದವರೆಗೆ ದಿನಾ ಸಂಜೆ ಐದು ಗಂಟೆಗೆ ಎಣಿಸಿ ಸಂಖ್ಯೆ ಬರೆಯುವುದು. ನಾಲ್ಕೂ ಕಡೆ ಒಂದೇ ವಾರ. ದಿನಕ್ಕೆ ಎರಡು ಅಂಕ, ಪೂರ್ತಿ ಹದಿನಾಲ್ಕು.

ಇಷ್ಟು ಸಣ್ಣ ಕೆಲಸದ ಮೇಲೆ ಅವಳ ಪಿಎಚ್‌ಡಿ ನಿಂತಿತ್ತು. ಮಕ್ಕಳಿಗೆ ವೀಕ್ಷಣೆ ಮಾಡುವ ಕಲೆ ಎಲ್ಲೆಲ್ಲಿ ಎಷ್ಟೆಷ್ಟು ಬಂದಿದೆ ಎಂಬುದು ವಿಷಯ. ಚನ್ನಗಿರಿಯಲ್ಲಿ ವಿಜ್ಞಾನ ಪಾಠ ಮಾಡಿಕೊಂಡೇ ಆರು ವರ್ಷದಿಂದ ಇದನ್ನು ಎಳೆದುಕೊಂಡು ಬಂದಿದ್ದಳು. ಎರಡು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಾಗಿತ್ತು. ಈ ತಿಂಗಳ ಮೂವತ್ತಕ್ಕೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದಾಗಬಹುದು, ಆರು ವರ್ಷದ ದುಡಿಮೆ ನೀರುಪಾಲು.

ಫಲಿತಾಂಶವೇನೋ ಅಚ್ಚುಕಟ್ಟಾಗಿಯೇ ಬಂದಿತ್ತು. ಎಲ್ಲರಿಗಿಂತ ಮುಂದೆ ಚನ್ನಗಿರಿ, ಅಂದರೆ ಅವಳದೇ ಕ್ಲಾಸು. ನಲವತ್ತೊಂದು ಮಕ್ಕಳು, ನಲವತ್ತೊಂದಕ್ಕೂ ಹದಿನಾಲ್ಕಕ್ಕೆ ಹದಿನಾಲ್ಕು. ಒಳಗೊಳಗೇ ಅವಳಿಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ. ಕೊನೆಯಲ್ಲಿದ್ದದ್ದು ಜಗಳೂರಿನ ಶಾಲೆ. ಅಲ್ಲಿನ ಇಪ್ಪತ್ತೊಂಬತ್ತು ಮಕ್ಕಳಲ್ಲಿ ಹದಿನೇಳು ಮಂದಿ ಕುರಿಗಳನ್ನು ಆರಿಸಿಕೊಂಡಿದ್ದರು. ಆ ಹದಿನೇಳೂ ಹಾಳೆಯಲ್ಲಿ ಒಂದೇ ಒಂದು ಸಂಖ್ಯೆ ಇರಲಿಲ್ಲ.

ಗೈಡ್ ಸತೀಶ್ ಕುಮಾರ್ ಅವರಿಗೆ ಫೋನ್ ಮಾಡಿದಾಗ ಅವರು ತಲೆ ಕೆಡಿಸಿಕೊಳ್ಳಲೇ ಇಲ್ಲ. "ಸಂಖ್ಯೆ ಇಲ್ಲ ಅಂದ್ರೆ ಸೊನ್ನೆ ಹಾಕ್ರಿ. ಒಣ ಸೀಮೆ ಮಕ್ಕಳು ಹಿಂದೆ ಬಿದ್ದಿದಾರೆ ಅಂತ ಒಂದು ಅಧ್ಯಾಯನೇ ಆಗುತ್ತೆ. ಮೂವತ್ತನೇ ತಾರೀಖು ಮರೀಬೇಡಿ."

ಸೊನ್ನೆ ಹಾಕಿಯೂ ಆಯಿತು. ಆದರೆ ಆ ಹದಿನೇಳು ಸೊನ್ನೆ ಅವಳನ್ನು ಬಿಡಲಿಲ್ಲ. ಸೋಮಾರಿ ಮಕ್ಕಳು ಒಬ್ಬೊಬ್ಬರು ಒಂದೊಂದು ರೀತಿ ಸೋಮಾರಿಗಳು, ಅದು ಹದಿನಾಲ್ಕು ವರ್ಷ ಪಾಠ ಮಾಡಿದವಳಿಗೆ ಗೊತ್ತು. ಹದಿನೇಳು ಮಂದಿ ಒಂದೇ ಥರ ಸಂಖ್ಯೆ ಬಿಟ್ಟಿದ್ದಾರೆಂದರೆ ಅಲ್ಲೇನೋ ಇದೆ. ಒಂದು ಹಾಳೆ ಎತ್ತಿಕೊಂಡು ಈ ಸಲ ಅಂಕ ಹಾಕುವ ಕಣ್ಣು ಪಕ್ಕಕ್ಕಿಟ್ಟು ಓದಿದಳು. ಸಂಧ್ಯಾರಾಣಿ ಎಂಬ ಹುಡುಗಿಯದು.

ಸೋಮ: ಎಲ್ಲಾ ಅದಾವೆ.
ಮಂಗಳ: ಎಲ್ಲಾ ಅದಾವೆ.
ಬುಧ: ಕೆಂಚಿ ಮರಿ ಹಾಕೈತೆ.
ಗುರು: ಮೋಟುಬಾಲ ಕುಂಟತೈತೆ. ಬಲಗಾಲು.
ಶುಕ್ರ: ನೋಡಿಲ್ಲ. ಅತ್ತೆ ಊರಿಗೆ ಹೋಗಿದ್ದೆ.
ಶನಿ: ಕರಿಕಿವಿ ಇಲ್ಲ.
ಭಾನು: ಕರಿಕಿವಿ ಬಂತು. ಬ್ಯಾರೆ ಮಂದೆಗೆ ಸೇರಿತ್ತು.

ಇದಕ್ಕೆ ತಾನು ಕೆಂಪು ಪೆನ್ನಿನಲ್ಲಿ ಬರೆದ ದಪ್ಪ ಸೊನ್ನೆಯನ್ನು ನುಜಹತ್ ಸ್ವಲ್ಪ ಹೊತ್ತು ನೋಡುತ್ತ ಕೂತಳು. ಮಾರನೇ ದಿನ ಶನಿವಾರ, ಬೆಳಗಿನ ಶಾಲೆ. ಮುಗಿಸಿಕೊಂಡು ದಾವಣಗೆರೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಜಗಳೂರಿಗೆ ಹೋದಳು.

ಅಲ್ಲಿನ ವಿಜ್ಞಾನದ ಮೇಷ್ಟ್ರು ನಿಂಗರಾಜ್ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ದಾರಿಯುದ್ದಕ್ಕೂ ತಪ್ಪು ತಮ್ಮದೇ ಎಂಬಂತೆ ಹೇಳುತ್ತ ಬಂದರು. "ನಾನು ಹೇಳ್ದೆ ಮೇಡಂ, ಸಂಖ್ಯೆ ಹಾಕ್ರಲೇ ಅಂತ. ಹ್ಞೂಂ ಅಂತಾರೆ, ಹಾಕಂಗಿಲ್ಲ. ಒಂದ್ಸಲ ನೀವೇ ನೋಡ್ರಿ."

ಸಂಧ್ಯಾರಾಣಿಯ ಮನೆ ಊರಾಚೆ. ಮನೆಯ ಪಕ್ಕ ಮುಳ್ಳುಬೇಲಿ ಕಟ್ಟಿದ ರೊಪ್ಪ. ಮೇಯಲು ಹೋದ ಕುರಿಗಳು ಆಗತಾನೆ ವಾಪಸ್ಸು ಬಂದು ಒಂದರ ಮೇಲೊಂದು ಬಿದ್ದುಕೊಂಡು ರೊಪ್ಪದೊಳಗೆ ನುಗ್ಗುತ್ತಿದ್ದವು. ಹುಡುಗಿಯ ಅಜ್ಜಿ ಚೌಡಕ್ಕ ಬಾಗಿಲಲ್ಲಿ ನಿಂತಿದ್ದರು. ನುಜಹತ್ ಅಭ್ಯಾಸಬಲದಿಂದ ಬೆರಳು ಚಾಚಿ, "ಒಂದು, ಎರಡು, ಮೂರು" ಎಂದು ಶುರು ಮಾಡಿಯೇಬಿಟ್ಟಳು. ನಾಲ್ಕು ಎನ್ನುವಷ್ಟರಲ್ಲಿ ಚೌಡಕ್ಕ ಅವಳ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

"ಎಣಿಸಬಾರ್ದು ತಾಯಿ. ದೃಷ್ಟಿ ಆಗತೈತೆ. ನಮ್ಮಪ್ಪಾರ ಕಾಲದಿಂದ ನಮ್ಮನ್ಯಾಗೆ ಯಾರೂ ಕುರಿ ಎಣಿಸಿಲ್ಲ."

ನುಜಹತ್ ಮುಖ ಸಣ್ಣದು ಮಾಡಿಕೊಂಡಳು. "ಗೊತ್ತಿರಲಿಲ್ಲ ಅಜ್ಜಿ. ಆದ್ರೆ ಎಣಿಸದೆ ಒಂದು ಕಡಿಮೆ ಆಗಿದ್ದು ಹೆಂಗೆ ಗೊತ್ತಾಗುತ್ತೆ?"

"ಗುರುತಿಲ್ಲದೋರು ಎಣಿಸ್ತಾರೆ. ನಮಗೆ ಗುರುತೈತಲ್ಲ."

ಈ ಮಾತನ್ನು ಹಾಗೇ ಒಪ್ಪಿಕೊಂಡರೆ ಅವಳು ವಿಜ್ಞಾನದ ಮಿಸ್ ಹೇಗಾದಾಳು? ಪರೀಕ್ಷೆ ಮಾಡಬಹುದೇ ಎಂದು ಕೇಳಿದಳು. ಸಂಧ್ಯಾರಾಣಿ ಬೆನ್ನು ತಿರುಗಿಸಿ ನಿಂತಳು, ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. ನಿಂಗರಾಜ್ ಮೇಷ್ಟ್ರು ಒಂದು ಕುರಿಯನ್ನು ಮನೆಯ ಗೋಡೆಯಾಚೆ ಎಳೆದುಕೊಂಡು ಹೋದರು. ಕುರಿಗಿಂತ ಹೆಚ್ಚು ಏದುಸಿರು ಬಿಟ್ಟವರು ಅವರೇ. ಹುಡುಗಿ ತಿರುಗಿದಳು. ಅರೆ ಕ್ಷಣವೂ ಹಿಡಿಯಲಿಲ್ಲ.

"ಬಿಳಿಮೂತಿ ಎಲ್ಲಿ?"

ಇನ್ನೊಂದು ಸಲ ಮಾಡಿದರು. ಈ ಸಲ ಮಂದೆಯಲ್ಲಿ ಯಾವ ವಿಶೇಷವೂ ಇಲ್ಲದ, ನುಜಹತ್ ಕಣ್ಣಿಗೆ ಬೇರೆ ಎಲ್ಲವುಗಳ ಹಾಗೇ ಕಂಡ ಒಂದು ಕುರಿ. "ಗೌರಿ ಮರಿ," ಅಂದಳು ಹುಡುಗಿ. ಮೂರನೇ ಸಲ ನುಜಹತ್ ನಿಂಗರಾಜ್ ಅವರಿಗೆ ಕಣ್ಣಲ್ಲೇ ಬೇಡ ಎಂದು ಸನ್ನೆ ಮಾಡಿ, ಏನನ್ನೂ ಬಚ್ಚಿಡದೆ ಸುಮ್ಮನೆ ನಿಂತಳು. ಸಂಧ್ಯಾರಾಣಿ ತಿರುಗಿ ನೋಡಿದಳು. ಮತ್ತೊಮ್ಮೆ ನೋಡಿದಳು. ಕೊನೆಗೆ ಕುರಿ ಬಿಟ್ಟು ಮಿಸ್ ಮುಖ ನೋಡಿದಳು.

"ಯಾವ್ದೂ ಹೋಗಿಲ್ಲ ಮಿಸ್. ನೀವು ಸುಮ್ನೆ ನಿಂತೀರಿ."

ಚೌಡಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನುಜಹತ್‌ಗೆ ಎಷ್ಟು ಸಂತೋಷವಾಯಿತೆಂದರೆ, ಆರು ವರ್ಷದಲ್ಲಿ ಈ ಸಂಶೋಧನೆಯಿಂದ ಅಷ್ಟು ಸಂತೋಷ ಒಂದು ದಿನವೂ ಆಗಿರಲಿಲ್ಲ. ಅಲ್ಲೇ ಜಗುಲಿಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ಚಹಾ ಕುಡಿದು ಹೊರಡುವಾಗ ಇನ್ನೊಂದು ಪ್ರಶ್ನೆ ನೆನಪಾಯಿತು.

"ಶುಕ್ರವಾರ ನೋಡಿಲ್ಲ ಅಂತ ಬರೆದಿದ್ದೀಯಲ್ಲ. ಅಜ್ಜಿನ ಕೇಳಿ ಬರೀಬಹುದಿತ್ತಲ್ವಾ?"

ಹುಡುಗಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದು ಅಜ್ಜಿ ನೋಡಿದ್ದಾಗತೈತಲ್ರೀ ಮಿಸ್. ನಾನು ನೋಡಿಲ್ಲಲ್ಲ."

ವಾಪಸ್ಸು ಬರುವ ಬಸ್ಸಿನಲ್ಲಿ ಜಗಳೂರಿನ ಮಕ್ಕಳಿಗೆ ಅಂಕ ಹೇಗೆ ತಿದ್ದುವುದು ಎಂದು ಯೋಚಿಸಬೇಕೆಂದಿದ್ದಳು. ತಲೆಯಲ್ಲಿ ಮಾತ್ರ ಆ ಶುಕ್ರವಾರವೇ ಕೂತುಬಿಟ್ಟಿತ್ತು. ಅತ್ತೆ ಊರಿಗೆ ಹೋಗುವವರು, ಜ್ವರ ಬಂದು ಮಲಗುವವರು ಎಲ್ಲ ಊರಲ್ಲೂ ಇರುತ್ತಾರೆ. ಉಳಿದ ಮಕ್ಕಳು ನೋಡದ ದಿನ ಏನು ಬರೆದಿರಬಹುದು?

ಭಾನುವಾರ ಬೆಳಿಗ್ಗೆ ನಾಲ್ಕೂ ಕಟ್ಟು ಬಿಚ್ಚಿ, ಬೇರೇನೂ ನೋಡದೆ ಶುಕ್ರವಾರದ ಸಾಲನ್ನು ಮಾತ್ರ ಓದುತ್ತ ಹೋದಳು. ಹೊನ್ನಾಳಿಯಲ್ಲಿ ಐದು ಜನ ಖಾಲಿ ಬಿಟ್ಟಿದ್ದರು. ನ್ಯಾಮತಿಯಲ್ಲಿ ಒಬ್ಬ 'ಮಳೆ' ಎಂದಷ್ಟೇ ಬರೆದಿದ್ದ. ಚನ್ನಗಿರಿಯಲ್ಲಿ ನಲವತ್ತೊಂದೂ ಭರ್ತಿ. ಸುಮೇರಾಳ ಮನೆಯ ಮುಂದೆ ಗುಬ್ಬಿ ಹದಿನಾಲ್ಕು. ಇನ್ನೊಬ್ಬಳ ಮನೆಯಲ್ಲಿ ಕೋಳಿ ಒಂಬತ್ತು. ಇರುವೆ ನೂರ ಹತ್ತು. ಎಲ್ಲವೂ ಅಂದಿನ ದಿನಾಂಕ ಹಾಕಿ, ಸಂಜೆ ಐದು ಗಂಟೆ ಎಂದು ನೀಟಾಗಿ.

ಆ ದಿನಾಂಕದ ಮೇಲೆ ಅವಳ ಬೆರಳು ನಿಂತಿತು. ಅಂದು ದಾವಣಗೆರೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಇಡೀ ಕ್ಲಾಸನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವಳು ಅವಳೇ. ಚನ್ನಗಿರಿಗೆ ಮರಳಿದಾಗ ಏಳೂವರೆ. ಹತ್ತುವಾಗ, ಇಳಿಯುವಾಗ, ನಡುವೆ ಊಟಕ್ಕೆ ನಿಲ್ಲಿಸಿದಾಗ, ಮೂರು ಸಲ ತಲೆ ಎಣಿಸಿದ್ದಳು, ಮೂರು ಸಲವೂ ನಲವತ್ತೊಂದು. ಸಂಜೆ ಐದು ಗಂಟೆಗೆ ಆ ನಲವತ್ತೊಂದು ಮಕ್ಕಳಲ್ಲಿ ಒಬ್ಬರೂ ತಮ್ಮ ಮನೆಯ ಹತ್ತಿರ ಇರಲಿಲ್ಲ. ಅವರಿಗೆಲ್ಲ ಪೂರ್ತಿ ಅಂಕ ಕೊಟ್ಟವಳೂ ಅವಳೇ.

ಸೋಮವಾರ ಮೊದಲ ಪಿರಿಯಡ್ಡಿನಲ್ಲಿ ಹಾಳೆಗಳನ್ನು ಮಕ್ಕಳಿಗೆ ಹಿಂದಿರುಗಿಸಿದಳು. "ಈ ಹಾಳೆಯಲ್ಲಿರೋ ಶುಕ್ರವಾರ ಸಂಜೆ ಐದು ಗಂಟೆಗೆ ನಾವೆಲ್ಲ ಎಲ್ಲಿದ್ವಿ?"

"ದಾವಣಗೆರೆ ಮಿಸ್," ಎಂದಿತು ಕ್ಲಾಸು, ಉತ್ತರ ಗೊತ್ತಿದ್ದ ಖುಷಿಯಲ್ಲಿ. ಆಮೇಲೆ ಒಬ್ಬೊಬ್ಬರೇ ತಮ್ಮ ಹಾಳೆ ನೋಡಿಕೊಂಡು ತಲೆ ತಗ್ಗಿಸಿದರು. ಸುಮೇರಾ ಎದ್ದು ನಿಂತಳು. ಹೆದರಿಕೆಯಿದ್ದರೂ ಹೇಳಬೇಕಾದ್ದನ್ನು ಹೇಳುವ ಹುಡುಗಿ.

"ನೀವೇ ಹೇಳಿದ್ರಲ್ಲ ಮಿಸ್, ಒಂದು ದಿನಾನೂ ಖಾಲಿ ಬಿಡಬಾರ್ದು, ಖಾಲಿ ಬಿಟ್ರೆ ಸೊನ್ನೆ ಅಂತ."

ಹೇಳಿದ್ದಳು. ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದಳು. ಬೇರೆ ಮೂರು ಊರಿನ ಮೇಷ್ಟ್ರುಗಳು ಹಾಳೆ ಹಂಚಿ, ಸಂಖ್ಯೆ ಬರೆಯಿರಿ ಎಂದಷ್ಟೇ ಹೇಳಿ ಸುಮ್ಮನಾಗಿದ್ದರು, ಅವಳು ಮಾತ್ರ ತನ್ನ ಮಕ್ಕಳು ಹಿಂದೆ ಬೀಳದಿರಲೆಂದು ಇಷ್ಟು ಸೇರಿಸಿದ್ದಳು. ಮಕ್ಕಳ ಮೇಲೆ ಸಿಟ್ಟು ಬರಲಿಲ್ಲ. ತನ್ನ ಬಗ್ಗೆಯೇ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು. "ಕೂತ್ಕೋ ಸುಮೇರಾ. ನೀನು ಹೇಳಿದ್ದು ಸರಿ," ಅಂದಳು.

ಮಧ್ಯಾಹ್ನ ಸತೀಶ್ ಕುಮಾರ್ ಅವರಿಗೆ ಫೋನ್ ಮಾಡಿದಳು. "ಸರ್, ಚನ್ನಗಿರಿ ಹಾಳೆಗಳನ್ನ ತೆಗೀತಾ ಇದೀನಿ. ಅಂಕ ಹಾಕೋ ಪದ್ಧತಿಯನ್ನೂ. ಎಲ್ಲ ಹೊಸದಾಗಿ ಆಗಬೇಕು."

"ತೆಗೀಬೇಕಾಗಿದ್ದು ಜಗಳೂರು ಅಲ್ವೇನ್ರೀ?"

"ಅಲ್ಲ ಸರ್. ನೋಡಿದ್ದನ್ನ ಬರೆದೋರು ಅವರೇ."

"ಮೂವತ್ತಕ್ಕೆ ಆಗಲ್ಲ ಹಾಗಾದ್ರೆ. ಮೂರನೇ ಸಲ ಗಡುವು ಕೊಡ್ತಾರೋ ಇಲ್ಲವೋ, ನನ್ನ ಕೈಲಿಲ್ಲ. ಅರ್ಜಿ ಬರೀರಿ. ಕಾರಣ ಅಂತ ಏನು ಬರೀತೀರಿ?"

"ಮಕ್ಕಳು ನಾನು ಹೇಳಿಕೊಟ್ಟಿದ್ದನ್ನೇ ಮಾಡಿದ್ರು ಅಂತ."

ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ನುಜಹತ್ ಕಾಯುತ್ತ ಕೂರಲಿಲ್ಲ. ಮುಂದಿನ ವಾರವೇ ತನ್ನ ಕ್ಲಾಸಿಗೆ ಹೊಸ ಹಾಳೆ ಹಂಚಿದಳು. ಅದರಲ್ಲಿ ಅಂಕದ ಅಂಕಣ ಇರಲಿಲ್ಲ, ಸಂಖ್ಯೆಯನ್ನೇ ಬರೆಯಬೇಕೆಂಬ ಮಾತೂ ಇರಲಿಲ್ಲ. 'ಏನು ಕಂಡಿತೋ ಅದನ್ನು ಬರೆಯಿರಿ' ಎಂದಷ್ಟೇ ಇತ್ತು. ಏಳು ದಿನವಾದ ಮೇಲೆ ವಾಪಸ್ಸು ಬಂದ ಹಾಳೆಗಳಲ್ಲಿ ಮೊದಲು ಸುಮೇರಾಳದನ್ನೇ ಹುಡುಕಿ ತೆಗೆದಳು.

ಸೋಮವಾರ ಗುಬ್ಬಿ ಆರು. ಮಂಗಳವಾರ ಎರಡು, ಬೆಕ್ಕು ಬಂದಿತ್ತು. ಬುಧವಾರದ ಮುಂದೆ ಏನನ್ನೋ ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮತ್ತೆ ಬರೆದಿದ್ದಳು. ನುಜಹತ್ ಕನ್ನಡಕ ಒರೆಸಿಕೊಂಡು ಓದಿದಳು.

'ನೋಡಿಲ್ಲ. ಮರೆತೆ.'