ಬೆಲ್ಟ್ ಇತ್ತಂತೆ

"ಇಳೀಲೇ ಸೂಳೆಮಗನ ಕೆಳಗ. ಯಾವನು ಹೇಳಿದ ನಿನಗ, ನನ್ನ ಗಿಡಕ್ಕ ಮೊಳೆ ಹೊಡಿ ಅಂತ?"

ಮರಿಬಸಪ್ಪ ಸಾಹುಕಾರ ಇನ್ನೂ ಕಾರಿನಿಂದ ಪೂರ್ತಿ ಇಳಿದಿರಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಬಾಯಿ ಮಾತ್ರ ಆಗಲೇ ನಮ್ಮ ಮೇಲೆ. ನನ್ನ ಗಂಡ ಉಚ್ಚೀರಪ್ಪ ಮರದ ಮೇಲೆ ಆಳೆತ್ತರವೂ ಹೋಗಿರಲಿಲ್ಲ. ಅವನ ಕಾಲಿಗೆ ಕಬ್ಬಿಣದ ಉಗುರು ಕಟ್ಟಿತ್ತು. ನನ್ನ ತಮ್ಮ ಸೂರಿ ಲಾರಿಯ ಹಳೆ ಪಟ್ಟಿ ಬಡಿಸಿ ಆದೋನಿಯ ಕಮ್ಮಾರನ ಹತ್ತಿರ ಮಾಡಿಸಿದ ಉಗುರು ಅದು. ಬೂಟಿನ ಒಳಮಗ್ಗುಲಿಗೆ ಬಿಗಿದುಕೊಂಡು ಮರಕ್ಕೆ ಒದ್ದರೆ ಕಚ್ಚಿಕೊಳ್ಳುತ್ತದೆ, ಕಾಲು ಜಾರುವುದಿಲ್ಲ. ಅದನ್ನು ನಂಬಿಯೇ ನಾವು ಈ ಕೆಲಸಕ್ಕೆ ಒಪ್ಪಿಕೊಂಡಿದ್ದು.

ಉಚ್ಚೀರಪ್ಪ ಗಾಬರಿಯಲ್ಲಿ ಜಾರಿ ಇಳಿದ. ಮೊಣಕಾಲು ತರಚಿ ರಕ್ತ ಬಂತು.

"ಒಂದೊಂದು ಗಿಡ ಲಾರಿ ಮ್ಯಾಲೆ ಮಲಗಿಸಿಗೆಂದು ತರಿಸೀನಿ, ಬಾಣಂತಿ ಕರಕೊಂಡು ಬಂದಂಗ. ನೀ ಬಂದು ತೂತು ಬೀಳಿಸ್ತೀಯ? ತೂತಿನಾಗ ಹುಳ ಬಿದ್ದು ಗಿಡ ಸತ್ತರ ನಿಮ್ಮಪ್ಪ ತಂದು ನೆಡ್ತಾನೇನು?"

ಆಲೂರು ರಸ್ತೆಯಲ್ಲಿರುವ ಅವನ ಫಂಕ್ಷನ್ ಹಾಲಿನ ಗೇಟಿನಿಂದ ಬಾಗಿಲವರೆಗೆ ಎರಡೂ ಕಡೆ ಆ ಮರಗಳು. ರಾಯಲ್ ಪಾಮ್ ಅಂತೆ. ಸುಣ್ಣ ಬಳಿದ ಕಂಬದ ಹಾಗೆ ನುಣ್ಣಗೆ, ಬಿಳಿಚಿಕೊಂಡು, ಎರಡಂತಸ್ತಿನ ಹಾಲನ್ನೂ ಮೀರಿ ನಿಂತಿವೆ. ತಿನ್ನುವ ಕಾಯಿಲ್ಲ, ಹಣ್ಣಿಲ್ಲ, ಒಂದು ಹನಿ ನೀರಾ ಇಲ್ಲ. ಸಾಹುಕಾರನ ಮಗಳ ಮದುವೆ ಇತ್ತು. ಸಂಜೆ ಬೀಗರು ಬರುವಷ್ಟರಲ್ಲಿ ಒಣಗಿದ ಗರಿ, ಬೀಜದ ಗೊನೆ ಎಲ್ಲ ತೆಗೆಯಬೇಕಿತ್ತು.

ಹಾಲಿನ ಮ್ಯಾನೇಜರ್ ನರೇಶ ಓಡಿ ಬಂದ. ಇಂಜಿನಿಯರಿಂಗ್ ಓದಿದ ಹುಡುಗ, ಮಾತಿಗೆ ಮುಂಚೆ ತೆಲುಗು ಹೊರಗೆ ಬರುತ್ತದೆ. ಡಬ್ಬಿಯಿಂದ ಬಿಳಿ ಮುಲಾಮು ತೆಗೆದು ಮರದ ತೂತುಗಳಿಗೆ ಬೆರಳಿನಿಂದ ಮೆತ್ತಿದ. ನಾನು ಉಚ್ಚೀರಪ್ಪನ ಮೊಣಕಾಲಿಗೆ ಸೆರಗು ಒತ್ತಿ ಹಿಡಿದೆ.

"ಹಂಗಾರ ಹೆಂಗ ಹತ್ತಬೇಕ್ರಿ?" ಅಂತ ನಾನೇ ಕೇಳಿದೆ.

"ಏಣಿ ಹಾಕ್ರಿ."

"ಏಣಿ ಅರ್ಧಕ್ಕ ನಿಲ್ತದ್ರಿ. ಲೈಟ್ ಕಂಬಕ್ಕ ಬರ್ತದಲ್ರಿ ತೊಟ್ಲ ಗಾಡಿ, ಅದನ್ನ ತರಸ್ರಿ."

"ಆ ಬಂಡಿ ಒಳಗೆ ಬಂದ್ರ ಟೈಲ್ಸ್ ಪಗಿಲಿಪೋತಾಯಿ ಅಮ್ಮಾ," ಅಂದ ನರೇಶ. "ನಿನ್ನೆನೇ ಹಾಕೀವಿ. ಒಂದು ಒಡೆದ್ರ ಸಾಲೆಲ್ಲ ಕೀಳಬೇಕು."

ಹಾಲಿನ ಮೆಟ್ಟಿಲ ಮೇಲೆ ಲೈಟು ಕಟ್ಟಲು ಬಂದವರು ಚಹಾ ಕುಡಿಯುತ್ತಾ ಕೂತಿದ್ದರು. ಅವರ ಸಾಮಾನಿನ ಪಕ್ಕದಲ್ಲಿ ಹಳದಿ ಬೆಲ್ಟು ಬಿದ್ದಿತ್ತು. ಹೆಗಲಿಗೆ ಪಟ್ಟಿ, ತೊಡೆಗೆ ಪಟ್ಟಿ, ಕೊಕ್ಕೆ ಹಾಕುವ ದಪ್ಪ ಹಗ್ಗ. ಅದನ್ನು ನೋಡಿದ ಮೇಲೆ ನನ್ನ ಕಣ್ಣು ಬೇರೆ ಕಡೆ ಹೋಗಲಿಲ್ಲ. ಗಂಡನನ್ನು ಆ ಪಟ್ಟಿಯೊಳಗೆ ಕಟ್ಟಿ ಕಳಿಸಿದರೆ ಸಂಜೆ ಇಬ್ಬರೂ ಕೂಡಿ ಮನೆಗೆ ಹೋಗಬಹುದು, ನನಗೆ ಬೇಕಾಗಿದ್ದು ಅಷ್ಟೇ.

"ಅದನ್ನರ ಕೊಡ್ರಿ. ಅವರು ಚಾ ಕುಡಿಯೋವರೆಗೂ ಸಾಕು."

ನರೇಶ ಸಾಹುಕಾರನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ, "ಅದು ಲೈಟಿಂಗ್ ವಾಳ್ಳದಿ ಅಮ್ಮಾ," ಅಂದ. "ಇವನ ಬೆವರು ಹತ್ತಿದ್ರ ಅವರು ಮತ್ತ ಹಾಕ್ಕಣಲ್ಲ. ಕಂಪ್ಲೇಂಟ್ ಮಾಡ್ತಾರ."

"ಬೆವರು ತೊಳದ್ರ ಹೋಗ್ತದಲ್ಲೋ ಅಪ್ಪಾ."

"ಏಯ್," ಅಂದ ಸಾಹುಕಾರ. "ನಿಮ್ಮ ತಾತ ಮುತ್ತಾತ ಈಚಲ ಗಿಡ ಹತ್ತಿ ಹೆಂಡ ಇಳಿಸುವಾಗ ಬೆಲ್ಟ್ ಹಾಕ್ಕಂಡಿದ್ರೇನು? ಈಗ ಹೆಂಗಸ್ರು ಬಂದು ನನಗ ಕಾನೂನು ಹೇಳ್ತೀರೇನು. ಆಗಲ್ಲ ಅಂದ್ರ ಹೋಗ್ರಿ. ಹೋಗಿ ಹಗರಿ ದಂಡ್ಯಾಗಿನ ನಿಮ್ಮ ಬನಾನೂ ಕಣ್ತುಂಬ ನೋಡಿಕೋರ್ರಿ. ಜೆಸಿಬಿಗೆ ಹೇಳಿಟ್ಟೀನಿ."

'ನಿಮ್ಮ ಬನ' ಅಂದದ್ದು ಬಾಯಿ ಮಾತು. ಹಾಲಹರವಿಯ ಆಚೆ ಹಗರಿ ಹೊಳೆಯ ದಂಡೆಯ ಆ ಈಚಲ ಬನ ನಿಂತಿರುವುದು ಅವನ ಪಟ್ಟಾದಲ್ಲಿ. ನಮ್ಮ ಮಾವನ ಕಾಲದಿಂದ ಹತ್ತುತ್ತಿರುವವರು ಮಾತ್ರ ನಾವು. ಅಲ್ಲಿ ಪ್ಲಾಟು ಹಾಕುತ್ತಾನೆ ಅಂತ ಸುದ್ದಿ ಎದ್ದು ವರ್ಷವಾಯಿತು. ಪ್ರತಿ ಸಾರಿ ಕರೆದಾಗ ನಾವು ಬಂದು ಬಿಟ್ಟಿ ದುಡಿಯುವುದು ಆ ಬನ ಇನ್ನೊಂದು ಹಂಗಾಮು ನಿಲ್ಲಲಿ ಅಂತ.

ಸಾಹುಕಾರ ಒಳಗೆ ಹೋದ. ಉಚ್ಚೀರಪ್ಪ ಉಗುರು ಬಿಚ್ಚಿಟ್ಟು ಚೀಲದಿಂದ ತನ್ನ ಮೋಕು ತೆಗೆದ. ಮೋಕು ಅಂದರೆ ಹಗ್ಗದ ಬಳೆ. ಮರವನ್ನೂ ಹತ್ತುವವನ ಸೊಂಟವನ್ನೂ ಒಟ್ಟಿಗೆ ಸುತ್ತುತ್ತದೆ. ಅವರಪ್ಪ ಹೊಸೆದದ್ದು, ಬೆವರು ಕುಡಿದು ಕರ್ರಗಾಗಿದೆ.

"ಮನಿಗೆ ಹೋಗಾಮು ನಡಿ," ಅಂದೆ.

"ಹೋದ್ರ ನಾಳೆ ಬನ ಇರಲ್ಲ. ಸೂರಿ ಮಕ್ಳು ಏನು ತಿನ್ನಬೇಕು?"

"ನೀ ಬಿದ್ದು ಸತ್ರ ನಾನೇನು ತಿನ್ನಲಿ?"

"ಖಾಲಿಪೀಲಿ ಬಾಯಿ ಮಾಡಬ್ಯಾಡ ದಸ್ತಗಿರಿ. ಗಿಡ ಅಂದ್ರ ಗಿಡ. ಹುಟ್ಟಿದಾಗಿಂದ ಹತ್ತಿಲ್ಲೇನು."

ದಸ್ತಗಿರಿ ನನ್ನ ಹೆಸರು, ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ್ದಕ್ಕೆ ಇಟ್ಟದ್ದು. ನನಗೆ ಸಿಟ್ಟು ಬಂತು. ಅವನ ಮೇಲೆ ಬಂತು, ಸಾಹುಕಾರನ ಮೇಲೆ ಬರಬೇಕಾದದ್ದೂ ಸೇರಿ ಅವನ ಮೇಲೇ ಬಂತು. ಹಾಳಾಗಿ ಹೋಗು ಅಂದುಬಿಟ್ಟೆ. ಅವನು ಮೋಕನ್ನು ಕಣ್ಣಿಗೆ ಒತ್ತಿಕೊಂಡು ಹತ್ತಿದ.

ನಮ್ಮ ಜೊತೆಗೇ ಬಂದಿದ್ದ ಸೂರಿ ಆಚೆ ಸಾಲಿಗೆ ಹೋದ, ಉಚ್ಚೀರಪ್ಪ ಈಚೆ ಸಾಲಿಗೆ. ನನ್ನ ಕೆಲಸ ಬಿದ್ದದ್ದನ್ನು ಎಳೆದು ಹಿತ್ತಲಿಗೆ ಹಾಕುವುದು. ಮೊದಮೊದಲು ಎಲ್ಲ ನೆಟ್ಟಗಾಯಿತು. ಬೂದಿ ಬಣ್ಣದ ಬೊಡ್ಡೆ ಮುಗಿದು ತುದಿಯ ಹಸಿರು ಶುರುವಾಗುವ ಕಡೆ ನಿಂತು, ಮೋಕಿಗೆ ಬೆನ್ನು ಕೊಟ್ಟು, ಉದ್ದ ಕುಡುಗೋಲಿನಿಂದ ಗೊನೆ ಕೊಯ್ದು ಕೆಡವಿದ. ಹಾಲಿನ ಮುಂದೆ ದೊಡ್ಡ ದೊಡ್ಡ ಸ್ಪೀಕರ್ ಜೋಡಿಸಿ ಹಾಡು ಹಚ್ಚಿ ನೋಡುತ್ತಿದ್ದರು. ನೆಲ ನಡುಗುತ್ತಿತ್ತು.

ಮಧ್ಯಾಹ್ನ ಸಾಹುಕಾರ ಮತ್ತೆ ಬಂದ. ಫೋಟೋದವರು ಡ್ರೋನ್ ಹಾರಿಸಿ ತೋರಿಸಿದ್ದರಂತೆ.

"ಮ್ಯಾಲಿಂದ ನೋಡಿದ್ರ ಹಳದಿ ಗರಿ ಹಂಗೇ ಕಾಣ್ತದ. ಮ್ಯಾಲೆ ಹೋಗಿ ಅವನ್ನೂ ಕೊಯ್ಯಿ ಅನ್ನು ನಿನ ಗಂಡಗ."

ಮೇಲೆ ಅಂದರೆ ಆ ಹಸಿರು ಭಾಗವನ್ನು ದಾಟಿ. ಉಚ್ಚೀರಪ್ಪ ಇಳಿದು ಬಂದು ನೀರು ಕುಡಿದು ಮುಂದಿನ ಮರ ಹತ್ತಿದ.

ಅವನು ಹತ್ತುವ ಹೊತ್ತಿಗೆ ಪಕ್ಕದ ಮರದಿಂದ ಒಂದು ಗರಿ ತಾನಾಗಿ ಬಿತ್ತು. ಯಾರೂ ಕೊಯ್ದಿರಲಿಲ್ಲ, ಗಾಳಿಯೂ ಇರಲಿಲ್ಲ. ಎಳೆಯಲು ಹೋದೆ. ಬುಡದಲ್ಲಿ ಹಲಗೆಯಷ್ಟು ಅಗಲದ ಹಸಿರು ಸಿಪ್ಪೆ ಇಡಿಯಾಗಿ ಕಳಚಿ ಬಂದಿತ್ತು. ಒಳಮೈ ಮುಟ್ಟಿದೆ. ಬಾಳೆದಿಂಡಿನ ಪದರದ ಹಾಗೆ ನುಣ್ಣಗೆ, ತೇವ. ಈಚಲ ಗಿಡದ ಮಟ್ಟೆ ಹೀಗಲ್ಲ. ಅದು ಬೊಡ್ಡೆಗೇ ಬೆಳೆದಿರುತ್ತದೆ, ಗರಿ ಕೊಯ್ದರೂ ಮಟ್ಟೆಯ ಬುಡ ಗೂಟದ ಹಾಗೆ ನಿಲ್ಲುತ್ತದೆ. ನಮ್ಮವರು ಮೋಕನ್ನು ಆ ಮಟ್ಟೆಯ ಮೇಲೇರಿಸಿ, ಹಿಂದಕ್ಕೆ ಒರಗಿ, ಎರಡೂ ಕೈ ಬಿಟ್ಟು ಗಿಡ ಕೆತ್ತುತ್ತಾರೆ. ಹುಟ್ಟಿದಾಗಿಂದ ಮಾಡಿದ್ದು ಅದು, ಯೋಚನೆ ಮಾಡಿ ಮಾಡುವುದಲ್ಲ. ಈ ಮರದ ಮಟ್ಟೆ ಬೊಡ್ಡೆಗೆ ಬರೀ ಸುತ್ತಿಕೊಂಡಿತ್ತು.

ತಲೆ ಎತ್ತಿ ನೋಡಿದೆ. ಉಚ್ಚೀರಪ್ಪ ಹಸಿರು ದಾಟಿದ್ದ. ಮೋಕನ್ನು ಎಲ್ಲಕ್ಕಿಂತ ಕೆಳಗಿನ ಹಳದಿ ಗರಿಯ ಬುಡದ ಮೇಲೆ ಏರಿಸುತ್ತಿದ್ದ.

ಮೇಲಿರುವವನನ್ನು ಹೆಸರು ಹಿಡಿದು ಕೂಗುವುದು ನಮ್ಮಲ್ಲಿಲ್ಲ. ಕೂಗಿದರೆ ಬಗ್ಗಿ ನೋಡುತ್ತಾನೆ, ಜೋಲಿ ತಪ್ಪುತ್ತದೆ. ಕಲ್ಲು ತಗೊಂಡು ಬುಡಕ್ಕೆ ಬಡಿಯುತ್ತೇವೆ. ಆ ಏಟು ಬೊಡ್ಡೆಯೊಳಗೆ ಹತ್ತಿ ಅಂಗಾಲಿಗೆ ಮುಟ್ಟುತ್ತದೆ, ಮೇಲಿದ್ದವನು ಕೈಯಲ್ಲಿರುವುದನ್ನು ಬಿಟ್ಟು ಮರವನ್ನು ತಬ್ಬಿಕೊಳ್ಳುತ್ತಾನೆ. ಓಡಿದೆ. ಹೂಕುಂಡದ ಪಕ್ಕದ ಕಲ್ಲು ಎತ್ತಿಕೊಂಡು ಕೈ ಬೀಸಿದೆ. ನರೇಶ ಹಿಂದಿನಿಂದ ಬಂದು ಮುಂಗೈ ಹಿಡಿದ.

"ಏಂಟಮ್ಮಾ ನೀನು, ಗಿಡಕ್ಕ ಯಾಕ ಹೊಡೀತಿ? ಬೆಳಿಗ್ಗೆ ಬೈಸಿಕೊಂಡಿದ್ದು ಸಾಲದಾ?"

"ಬಿಡೋ, ಬಿಡೋ ನನ್ನ ಕೈ," ಅಂದೆ. ಅವನು ಕಲ್ಲು ಕಸಿದುಕೊಂಡ. ನಮ್ಮಲ್ಲಿಲ್ಲದ್ದನ್ನೂ ಮಾಡಿದೆ, ಹೆಸರು ಹಿಡಿದು ಕೂಗಿದೆ. ಸ್ಪೀಕರಿನ ಮುಂದೆ ನನ್ನ ದನಿ ನನಗೇ ಕೇಳಿಸಲಿಲ್ಲ. ಮೇಲೆ ಉಚ್ಚೀರಪ್ಪ ಹಿಂದಕ್ಕೆ ಒರಗಿ ಎರಡೂ ಕೈ ಬಿಟ್ಟ. ಮಟ್ಟೆ ಇಡಿಯಾಗಿ ಕಳಚಿತು. ಗರಿ, ಮೋಕು, ನನ್ನ ಗಂಡ, ಮೂರೂ ಕೂಡಿ ಬಂದವು.

ಹೊಸ ಟೈಲ್ಸಿನ ಮೇಲೆ ಬಿದ್ದ. ಸತ್ತಿರಲಿಲ್ಲ. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದ. "ಸೊಂಟದ ಕೆಳಗ ಏನೂ ಇಲ್ಲ ದಸ್ತಗಿರಿ," ಅಂದ. ಯಾರೋ ಹಾಡು ನಿಲ್ಲಿಸಿದರು. ಸೂರಿ ಆಚೆ ಸಾಲಿನಿಂದ ಇಳಿದು ಬಂದು ನೂರಾಎಂಟಕ್ಕೆ ಫೋನ್ ಹಚ್ಚಿದ. ಗಾಡಿ ಮಂತ್ರಾಲಯದ ಕಡೆ ಹೋಗಿದೆ, ತಡವಾಗುತ್ತದೆ ಅಂದರಂತೆ. ಸಾಹುಕಾರನ ಕಾರು ಅಲ್ಲೇ ನಿಂತಿತ್ತು.

ಸಾಹುಕಾರ ನರೇಶನ ಕಿವಿಯಲ್ಲಿ ಏನೋ ಹೇಳಿದ. ನರೇಶ ಮೆಟ್ಟಿಲ ಕಡೆ ಓಡಿದ. ನೀರು ತರುತ್ತಾನೆ ಅಂದುಕೊಂಡೆ. ತಂದದ್ದು ಹಳದಿ ಬೆಲ್ಟು.

"ಸ್ವಲ್ಪ ಎತ್ತಿ ಹಿಡೀ ಅಮ್ಮಾ. ಇದನ್ನ ಹಾಕಿ ಒಂದು ಫೋಟೋ ತಗೊಂಡ್ರ ಕಾರು ಬಿಡ್ತಾರ."

"ಏನಲೇ ಅಂದಿ?" ಅಂದ ಸೂರಿ.

"ನಂದೇನೂ ಇಲ್ಲ ಅಣ್ಣಾ. ಪೊಲೀಸ್ ಕೇಸ್ ಅವುತುಂದಿ. ಬೆಲ್ಟ್ ಕೊಟ್ಟೀವಿ ಅಂತ ಇರಬೇಕು. ಜಲ್ದಿ ಮಾಡ್ರಿ, ಟೈಮ್ ಹೋಗ್ತದ."

ಸೂರಿ ಅವನ ಕೊರಳಪಟ್ಟಿ ಹಿಡಿದ. ಲೈಟಿನವರು ಬಂದು ಬಿಡಿಸಿದರು. ನಾನು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವನ ಉಸಿರು ಕುಯ್ಯೋ ಅನ್ನುತ್ತಿತ್ತು. ನರೇಶ ತೊಡೆಯ ಪಟ್ಟಿ ಎಳೆದಾಗ ಉಚ್ಚೀರಪ್ಪ ಅರಚಲೂ ಇಲ್ಲ, ಅಲ್ಲಿ ಏನೂ ತಿಳಿಯುತ್ತಿರಲಿಲ್ಲ. ಹೆಗಲಿನ ಪಟ್ಟಿ ಹೇಗೆ ಹಾಕಬೇಕೋ ನರೇಶನಿಗೆ ಗೊತ್ತಾಗಲಿಲ್ಲ, ತಡಕಾಡಿದ. ಆಗ ನನ್ನ ಗಂಡ ತಾನೇ ಬಲಗೈ ಮೇಲಕ್ಕೆತ್ತಿ ದಾರಿ ಮಾಡಿಕೊಟ್ಟ. ಅಂಗಿ ತೊಡಿಸಿಕೊಳ್ಳುವ ಮಗುವಿನ ಹಾಗೆ ಎತ್ತಿದ. ಅದನ್ನು ನೋಡಲಾಗದೆ ನಾನು ಕಣ್ಣು ಮುಚ್ಚಿಕೊಂಡೆ.

ಫೋಟೋ ತೆಗೆದರು. ಕಾರಿನ ಸೀಟಿನ ಮೇಲೆ ಶಾಮಿಯಾನದ ಬಟ್ಟೆ ಹಾಸಿ ಮಲಗಿಸಿದರು. ಸೂರಿ ಹತ್ತಿದ, ನರೇಶ ಹತ್ತಿದ. ನಾನು ಕಾಲಿಡಲು ಹೋದರೆ ಸಾಹುಕಾರ ಬಾಗಿಲು ಹಾಕಿದ.

"ನೀ ಎಲ್ಲಿಗೆ? ಆಸ್ಪತ್ರ್ಯಾಗ ಬಾಯಿ ಬಡಕೊಣಾಕಾ? ಗಂಡಸ್ರು ಹೋಗ್ತಾರ. ನೀ ಈ ಗರಿ ಎಲ್ಲ ಎತ್ತು. ಬೀಗರು ಬರೋ ಹೊತ್ತಾತು."

ಕಾರು ಹಿಂದಿನ ಗೇಟಿನಿಂದ ಹೋಯಿತು. ಯಾರೋ ಬಕೆಟ್ ತಂದು ಟೈಲ್ಸ್ ತೊಳೆದರು.

ಗರಿ ಎತ್ತಿದೆ. ಹಿತ್ತಲಿಗೆ ಒಯ್ಯಲಿಲ್ಲ. ಒಂದೊಂದನ್ನೇ ಎಳೆದುಕೊಂಡು ಹೋಗಿ ಮುಂದಿನ ದೊಡ್ಡ ಗೇಟಿಗೆ ಅಡ್ಡ ಒಟ್ಟಿದೆ. ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ, ಕೆಲಸ ಮಾಡುತ್ತಿದ್ದಾಳೆ ಅಂದುಕೊಂಡರು. ಬೀಜದ ಗೊನೆ ಹಾಕಿದೆ, ಹಿತ್ತಲಿನಲ್ಲಿ ಒಟ್ಟಿದ್ದನ್ನೂ ವಾಪಸು ತಂದು ಹಾಕಿದೆ. ಕಡೆಗೆ ಮೋಕು ಸಿಕ್ಕಿಕೊಂಡಿದ್ದ ಮಟ್ಟೆಯನ್ನು ತಂದು, ಅದನ್ನು ತೊಡೆಯ ಮೇಲಿಟ್ಟುಕೊಂಡು ಒಟ್ಟಿಲ ಮೇಲೆ ಕೂತೆ.

ಹೊತ್ತು ಇಳಿಯುತ್ತಿದ್ದಂತೆ ಬೀಗರ ಕಾರುಗಳು ಬಂದು ನಿಂತವು. ಹಾರ್ನ್ ಶುರುವಾಯಿತು. ಸಾಹುಕಾರ ರೇಷ್ಮೆ ಪಂಚೆ ಎತ್ತಿಕೊಂಡು ಬಂದ.

"ಏಳೇ ಮುಂಡೆ."

"ಇದರಿಂದ ಬಿದ್ದ ಅಂತ ಹೇಳ್ರಿ," ಅಂದೆ, ಮಟ್ಟೆ ತೋರಿಸಿ. "ಬೆಲ್ಟ್ ಆಮ್ಯಾಲೆ ಕಟ್ಟಿದ್ವಿ ಅಂತ ಅವರ ಮುಂದ ಹೇಳ್ರಿ. ಏಳ್ತೀನಿ."

ಅವನು ಕಾರುಗಳ ಕಡೆ ತಿರುಗಿ ನಕ್ಕ. ತಲೆ ಸರಿಯಿಲ್ಲ, ಕುಡಿದಿದ್ದಾಳೆ ಅಂತ ತೆಲುಗಿನಲ್ಲಿ ಹೇಳಿದ. ಆಳುಗಳನ್ನು ಕರೆದ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸೂರಿಯ ನಂಬರು, ಮಾತಾಡಿದವನು ಉಚ್ಚೀರಪ್ಪ.

"ಪೊಲೀಸಪ್ಪ ಬಂದಿದ್ದ ದಸ್ತಗಿರಿ."

"ಕಾಲು?"

"ಕಾಲು ಹೋದವು. ಕೇಳಿಲ್ಲಿ. ಬೆಲ್ಟ್ ಇತ್ತು, ನಾನೇ ಕೊಕ್ಕಿ ಹಾಕಿದ್ದಿಲ್ಲ ಅಂತ ಹೇಳೀನಿ. ಬನ ಕಡಿಯಲ್ಲ ಅಂತ ಸಾಹುಕಾರ್ರು ಮಾತು ಕೊಟ್ಟಾರ. ನೀನೂ ಹಂಗೇ ಅಂದುಬಿಡು. ಎದ್ದು ಬಾ ಇಲ್ಲಿಗೆ."

ಅವನ ದನಿಯಲ್ಲಿ ಸಮಾಧಾನ ಇತ್ತು. ಮನೆಗೆ ಏನೋ ಗಳಿಸಿಕೊಂಡು ಬಂದವನ ಸಮಾಧಾನ. ಫೋನು ಇಟ್ಟೆ.

ಸಾಹುಕಾರನಿಗೆ ಆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು.

"ಕೇಳಿದ್ಯಲ್ಲ, ನಿನ ಗಂಡನೇ ಹೇಳ್ಯಾನ ಬೆಲ್ಟ್ ಇತ್ತು ಅಂತ. ಇನ್ನೇನು ನಿಂದು?"

"ಅವ ಹೇಳ್ಯಾನ," ಅಂದೆ. "ನಾ ಹೇಳಿಲ್ಲ."

ಆಳುಗಳು ಒಂದೊಂದೇ ಗರಿ ಹಿಡಿದು ಎಳೆಯತೊಡಗಿದರು. ನಾನು ಕೂತ ಒಟ್ಟಿಲು ಕುಸಿಯುತ್ತಾ ಬಂತು. ನೆಲಕ್ಕೆ ಬಂದ ಮೇಲೆ ಮುಂದಿನ ಕಾರಿನ ಗಾಲಿಗೆ ಬೆನ್ನು ಕೊಟ್ಟು ಕೂತೆ.